ಗಣಕಯಂತ್ರದ ಮುಂದೆ ಕುಳಿತುಕೊಳ್ಳುವ ಕ್ರಮ

ಇಟಲಿ ದೇಶದ ಬೆರ್ನಾರ್ದಿನೋ ರಾಮಾಜಿನಿ ಎಂಬ ವೈದ್ಯನು 1700ನೆಯ ಇಸವಿಯಲ್ಲಿ ಕಸುಬುದಾರರಿಗೆ ತಗಲುವ ರೋಗಗಳನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. 1713ರಲ್ಲಿ ಅದನ್ನು ವಿಸ್ತರಿಸಿ ಮುದ್ರಿಸುವಾಗ ಬರವಣಿಗೆಯ ಗುಮಾಸ್ತರ ವಿಷಯವಾಗಿಯೂ ಒಂದು ಅಧ್ಯಾಯವನ್ನು ಸೇರಿಸಿದನು. ಅವರ ಬಾಧೆಗೆ ಆತನು ಕಂಡ ಕಾರಣಗಳು ಮೂರು: ಎಡೆಬಿಡದೆ ಕುಳಿತಿರುವುದು, ಕೈಯನ್ನು ಸದಾ ಒಂದೇ ವಿಧವಾಗಿ ಆಡಿಸುವುದು, ತಪ್ಪು ಬಿದ್ದೀತೆಂದು ಮನಸ್ಸನ್ನು ಬಿಗಿಹಿಡಿದಿರುವುದು. ಗರಿಯ ಲೇಖನಿಯು ಹೋಗಿ ಗಣಕಯಂತ್ರವು ಬಂದಿರುವುದಾದರೂ ಈ ಮೂರೂ ನಮ್ಮನ್ನು ಬಿಟ್ಟುಹೋಗಿಲ್ಲ.

ಕೆಲಸಕ್ಕೂ ದೇಹಕ್ಕೂ ಹೊಂದಿಕೆಯನ್ನು ಹುಡುಕುವ ಶಾಸ್ತ್ರಕ್ಕೆ ಎರ್ಗೊನಾಮಿಕ್ಸ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಎರ್ಗೊನ್ ಎಂದರೆ ಕೆಲಸ, ನೋಮೋಸ್ ಎಂದರೆ ನಿಯಮ. 1857ರಲ್ಲಿ ಪೋಲೆಂಡಿನ ವಿದ್ವಾಂಸನಾದ ಯಸ್ತ್ರೆಂಬೊವ್ಸ್ಕಿಯು ಈ ಹೆಸರನ್ನು ಬಳಕೆಗೆ ತಂದನು. ಯಂತ್ರಕ್ಕೆ ಮನುಷ್ಯನನ್ನು ಬಗ್ಗಿಸದೆ, ಮನುಷ್ಯನಿಗೆ ಯಂತ್ರವನ್ನು ಒಗ್ಗಿಸಬೇಕೆಂಬುದೇ ಇದರ ತಿರುಳು.

ಇದಕ್ಕೊಂದು ದೃಷ್ಟಾಂತವುಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಎಂಬ ವಿಮಾನಗಳು ಸುರಕ್ಷಿತವಾಗಿ ನೆಲಕ್ಕಿಳಿದ ಮೇಲೆ, ಅವುಗಳ ಚಾಲಕರು ರೆಕ್ಕೆಯ ಪಟ್ಟಿಗಳನ್ನು ಮಡಿಸುವುದಕ್ಕೆ ಬದಲಾಗಿ ಚಕ್ರಗಳನ್ನೇ ಮಡಿಸಿಬಿಡುತ್ತಿದ್ದರು; ವಿಮಾನವು ಹೊಟ್ಟೆಯ ಮೇಲೆ ಕುಸಿಯುತ್ತಿತ್ತು. ಚಾಲಕರದೇ ಅಜಾಗ್ರತೆ ಎಂದು ಎಣಿಸುತ್ತಿದ್ದರು. ಆಲ್ಫೋನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞನು ನೋಡಲಾಗಿ, ಎರಡು ಹಿಡಿಗಳೂ ಒಂದೇ ಆಕಾರದವಾಗಿ ಒಂದರ ಪಕ್ಕದಲ್ಲೊಂದು ಇದ್ದವು. ಒಂದಕ್ಕೆ ಪುಟ್ಟ ಚಕ್ರವನ್ನೂ ಇನ್ನೊಂದಕ್ಕೆ ಬೆಣೆಯಾಕಾರದ ತುಂಡನ್ನೂ ಅಂಟಿಸುವಂತೆ ಆತನು ಸೂಚಿಸಿದನು. ಆಮೇಲೆ ಕೈಗೇ ವ್ಯತ್ಯಾಸವು ತಿಳಿಯುವಂತಾಯಿತು.

ಈಗ ನಮ್ಮ ಗಣಕದ ಕೋಣೆಯನ್ನು ಹೊಕ್ಕು ನೋಡೋಣ. ಹನ್ನೊಂದು ವರುಷದ ಬಾಲಿಕೆಗೂ ಹದಿನಾರರ ಕನ್ನಿಕೆಗೂ ಅಲ್ಲಿ ಒಂದೇ ಎತ್ತರದ ಮೇಜು, ಒಂದೇ ಎತ್ತರದ ಕುರ್ಚಿ. ಚಿಕ್ಕವಳು ಗೂನುಬೆನ್ನು ಮಾಡಿ ಕುಳಿತರೆ, ಸೆಟೆದು ಕೂಡು ಎಂದು ಗದರಿಸುತ್ತೇವೆ. ಗದರಿಸುವುದಕ್ಕೆ ಮೊದಲು ಆಕೆಯ ಪಾದಗಳನ್ನು ನೋಡತಕ್ಕದ್ದು. ಅವು ನೆಲಕ್ಕೆ ತಾಕದೆ ತೂಗಾಡುತ್ತಿದ್ದರೆ, ಕುರ್ಚಿಯ ಅಂಚು ತೊಡೆಯ ಕೆಳಭಾಗವನ್ನು ಒತ್ತುವುದು. ಆ ಒತ್ತಡವನ್ನು ತಪ್ಪಿಸಿಕೊಳ್ಳಲು ಅವಳು ಮುಂದಕ್ಕೆ ಜಾರುವಳು. ಜಾರಿದೊಡನೆ ಬೆನ್ನಿಗೆ ಆಸರೆಯು ತಪ್ಪುವುದು. ಕಾಲಡಿಗೆ ಒಂದು ಮರದ ಪೆಟ್ಟಿಗೆಯನ್ನಿಟ್ಟರೆ ಅರ್ಧ ದೋಷವು ನೀಗಿತು. ಉಪದೇಶಕ್ಕಿಂತ ಪೆಟ್ಟಿಗೆಯೇ ಅಗ್ಗವೆಂಬುದು ನಮ್ಮ ಅಭಿಪ್ರಾಯ!

ಕೈಗಳ ವಿಷಯದಲ್ಲಿ, ಮೊಣಕೈಯು ಮೈಗೆ ಸಮೀಪವಾಗಿ, ಸುಮಾರು ಲಂಬಕೋನದಲ್ಲಿ ಮಡಿಸಿ, ಕೀಲಿಮಣೆಯ ಮಟ್ಟಕ್ಕೆ ಇರಬೇಕು. ಮಣಿಕಟ್ಟು ಮೇಲಕ್ಕಾಗಲಿ ಕೆಳಕ್ಕಾಗಲಿ ಬಾಗಬಾರದು. ಬೆರಳುಗಳಿಗೆ ಹೋಗುವ ಒಂದು ಮುಖ್ಯ ನರವೂ ಸ್ನಾಯುರಜ್ಜುಗಳೂ ಅಲ್ಲಿ ಇಕ್ಕಟ್ಟಾದ ದಾರಿಯಲ್ಲಿ ಹಾದುಹೋಗುವುವು. ಕೆ. ಪಿ. ರಾವ್ ಅವರು ರಚಿಸಿದ ಕನ್ನಡ ಕೀಲಿಮಣೆಯ ಕ್ರಮದಲ್ಲಿ ಕಕಾರದ ಕೀಲಿಯನ್ನೇ ಶಿಫ್ಟ್ ಕೀಲಿಯೊಂದಿಗೆ ಒತ್ತಿದರೆ ಖಕಾರವು ಬರುವುದು. ಮಹಾಪ್ರಾಣಗಳು ತುಂಬಿದ ಸಂಸ್ಕೃತಪದಗಳನ್ನು ಬರೆಯುವಾಗ ಕಿರುಬೆರಳಿಗೆ ಕೆಲಸವು ಹೆಚ್ಚು. ಒಂದೇ ಕೈಯನ್ನು ಹಿಗ್ಗಲಿಸಿ ಎರಡನ್ನೂ ಒತ್ತದೆ, ಅಕ್ಷರಕ್ಕೆ ಒಂದು ಕೈಯನ್ನೂ ಶಿಫ್ಟಿಗೆ ಇನ್ನೊಂದು ಕೈಯನ್ನೂ ಬಳಸುವುದು ಲೇಸು.

ಪರದೆಯು ಒಂದು ತೋಳಿನಷ್ಟು ದೂರದಲ್ಲಿ, ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಕೊಂಚ ಕೆಳಗೆ ಇರಲಿ. ತಲೆಯ ಭಾರವು ಸುಮಾರು 5 ಕಿಲೋಗ್ರಾಂ. ನೆಟ್ಟಗಿದ್ದಾಗ ಕತ್ತು ಇದನ್ನು ಸುಲಭವಾಗಿ ಹೊರುವುದು; ತಲೆಯು ಮುಂದಕ್ಕೆ ಬಾಗಿದಷ್ಟೂ ಹಿಂಗತ್ತಿನ ಸ್ನಾಯುಗಳು ಹೆಚ್ಚುಹೆಚ್ಚಾಗಿ ಜಗ್ಗಿ ಹಿಡಿಯಬೇಕಾಗುವುದು. ನಮ್ಮ ಹಿಂದಿನ ಶಾನುಭೋಗರು ಚಕ್ಕಳಮಕ್ಕಳ ಹಾಕಿ ಕುಳಿತು ಇಳಿಜಾರಾದ ಪೆಟ್ಟಿಗೆಯ ಮೇಲೆ ಬರೆಯುತ್ತಿದ್ದುದು ಸುಮ್ಮನೆ ಅಲ್ಲ. ಇಳಿಜಾರು ಕಾಗದವನ್ನು ಕಣ್ಣಿನತ್ತ ಎತ್ತಿ ಕೊಡುತ್ತಿತ್ತು. ಲ್ಯಾಪ್‌ಟಾಪಿನಲ್ಲಾದರೋ ಪರದೆಯೂ ಕೀಲಿಮಣೆಯೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಕತ್ತಿಗೆ ಸುಖವಾದರೆ ಕೈಗೆ ಕಷ್ಟ, ಕೈಗೆ ಸುಖವಾದರೆ ಕತ್ತಿಗೆ ಕಷ್ಟ. ಹೆಚ್ಚು ಹೊತ್ತು ದುಡಿಯುವವರು ನಾಲ್ಕಾರು ದಪ್ಪ ಪುಸ್ತಕಗಳ ಮೇಲೆ ಅದನ್ನೇರಿಸಿ, ಬೇರೊಂದು ಕೀಲಿಮಣೆಯನ್ನು ಕೆಳಗೆ ಜೋಡಿಸಿಕೊಳ್ಳಬಹುದು.

ಕಣ್ಣಿನ ಸಂಗತಿಯೊಂದು ಉಳಿಯಿತು. ಪರದೆಯನ್ನು ದಿಟ್ಟಿಸುವಾಗ ನಾವು ಎವೆಯಿಕ್ಕುವುದು ಬಹಳ ಕಡಿಮೆಯಾಗುತ್ತದೆ; ಆದುದರಿಂದಲೇ ಕಣ್ಣು ಒಣಗಿ ಉರಿಯುವುದು. ಕಿಟಕಿಯು ಪರದೆಯ ಹಿಂದೆಯೂ ಬೇಡ, ನಮ್ಮ ಬೆನ್ನ ಹಿಂದೆಯೂ ಬೇಡ, ಪಕ್ಕದಲ್ಲಿರಲಿ. ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಸೆಕೆಂಡುಗಳ ಕಾಲ, ಇಪ್ಪತ್ತು ಅಡಿಗಳಾಚೆಗಿನ ವಸ್ತುವನ್ನು ನೋಡಬೇಕೆಂದು ನೇತ್ರವೈದ್ಯರು ಹೇಳುವರು. ಕಿಟಕಿಯಾಚೆ ಮರವಿದ್ದರೆ ಅದನ್ನೇ ನೋಡಬಹುದು, ಇಲ್ಲವಾದರೆ ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದರೆ ಬೆನ್ನಿಗೂ ಬಿಡುವು ಸಿಕ್ಕಂತಾಗುವುದು.