ಸತ್ತಿದ್ದು ಕಂಪ್ಯೂಟರ್, ನಿಮ್ಮ ಫೈಲ್ ಅಲ್ಲ: ಹಳೇ ಹಾರ್ಡ್ ಡಿಸ್ಕ್‌ನಿಂದ ಡೇಟಾ ತೆಗೆಯುವ 12 ಸೂತ್ರಗಳು

ತುಮಕೂರಿನ ಬಟವಾಡಿಯಲ್ಲಿ ಈಗ ಕಂಪ್ಯೂಟರ್ ಮುಟ್ಟದ ಕಸುಬು ಕಡಿಮೆ. ಎಪಿಎಂಸಿ ಯಾರ್ಡ್‌ನ ಮಂಡಿಯಲ್ಲಿ ಟ್ಯಾಲಿ, ಬಿ.ಎಚ್. ರಸ್ತೆಯ ಡಿಟಿಪಿ ಅಂಗಡಿಯಲ್ಲಿ ನುಡಿ, ಸಿದ್ಧಗಂಗಾ ಇಂಜಿನಿಯರಿಂಗ್ ಕಾಲೇಜಿನ ಹುಡುಗರ ರೂಮಿನಲ್ಲಿ ಅರ್ಧ ಮುಗಿದ ಪ್ರಾಜೆಕ್ಟ್ ರಿಪೋರ್ಟ್. ಒಂದು ಬೆಳಿಗ್ಗೆ ಬಟನ್ ಒತ್ತಿದರೆ ಸ್ಕ್ರೀನ್ ಕಪ್ಪು. ಆಗ ಎರಡು ಬಗೆಯ ಜನ ಕಾಣುತ್ತಾರೆ: "ಎಲ್ಲ ಹೋಯ್ತು" ಎಂದು ತಲೆ ಮೇಲೆ ಕೈ ಹೊತ್ತು ಕೂರುವವರು, ಸ್ಕ್ರೂಡ್ರೈವರ್ ಹುಡುಕುವವರು. ನೀವು ಎರಡನೇ ಗುಂಪಿಗೆ ಸೇರಿ. "ನಂಗೆ ಇದೆಲ್ಲ ಬರಲ್ಲ" ಅನ್ನೋದು ಬರೀ ಅಭ್ಯಾಸ. ಇವತ್ತೇ ಬಿಡಿ.

1. ಮತ್ತೆ ಮತ್ತೆ ಆನ್ ಮಾಡಬೇಡಿ.
ಕಂಪ್ಯೂಟರ್ ಕೆಡಲು ಪವರ್ ಸಪ್ಲೈ, ರ‍್ಯಾಮ್, ಮದರ್‌ಬೋರ್ಡ್ ಎಂದು ಹತ್ತು ಕಾರಣಗಳಿವೆ. ಇವುಗಳಲ್ಲಿ ಯಾವುದು ಸುಟ್ಟರೂ ಹಾರ್ಡ್ ಡಿಸ್ಕ್ ಬಹಳ ಸಲ ಗಟ್ಟಿಮುಟ್ಟಾಗಿಯೇ ಉಳಿದಿರುತ್ತದೆ. ಆದರೆ ಕೆಟ್ಟಿರುವುದು ಡಿಸ್ಕೇ ಆಗಿದ್ದರೆ, ನೀವು ಒತ್ತುವ ಒಂದೊಂದು ಬಟನ್ನೂ ಅದಕ್ಕೊಂದು ಹೊಡೆತ. ಒಳಗಿನ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತದೆ. ಓದುವ ಹೆಡ್ ಅದರ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ಆ ಹೆಡ್ ತಟ್ಟೆಗೆ ತಾಗಿದರೆ ಕೆರೆದುಹೋಗುವುದು ನಿಮ್ಮ ಡೇಟಾ ಕೂತಿರುವ ಪದರವೇ. ಪ್ಲಗ್ ತೆಗೆಯಿರಿ. ಟೀ ಕುಡಿದು ಬನ್ನಿ.

2. ಕಿವಿಗೊಟ್ಟು ಕೇಳಿ.
ಒಂದೇ ಒಂದು ಸಲ ಆನ್ ಮಾಡಿ. ಡಿಸ್ಕ್ ನುಣ್ಣಗೆ ತಿರುಗುತ್ತಿದೆಯೇ? ಕೆಲಸ ನಿಮ್ಮ ಕೈಯಲ್ಲೇ ಆಗುತ್ತದೆ, ಮುಂದೆ ಓದಿ. "ಟಕ್, ಟಕ್" ಎಂದು ಒಂದೇ ತಾಳದಲ್ಲಿ ಬಡಿಯುತ್ತಿದೆಯೇ, ಕೆರೆಯುವ ಸದ್ದಿದೆಯೇ, ಸುಟ್ಟ ವಾಸನೆ ಬರುತ್ತಿದೆಯೇ? ನೇರವಾಗಿ 10ನೇ ಸೂತ್ರಕ್ಕೆ ಹೋಗಿ. ಯಾವ ಕೆಲಸ ನಮ್ಮದು, ಯಾವುದು ನಮ್ಮದಲ್ಲ ಎಂದು ಐದು ನಿಮಿಷದಲ್ಲಿ ತೀರ್ಮಾನಿಸುವವನೇ ಮುಂದೆ ಹೋಗುತ್ತಾನೆ.

3. "ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕಿಬಿಡ್ತೀನಿ ಸಾರ್" ಎಂಬ ಮಾತಿಗೆ ತಲೆಯಾಡಿಸಬೇಡಿ.
ರಿಪೇರಿ ಹುಡುಗನ ತಪ್ಪೇನಿಲ್ಲ. ಅವನ ಕೆಲಸ ಕಂಪ್ಯೂಟರ್ ಓಡಿಸಿ ಕೊಡುವುದು. ಡೇಟಾ ಉಳಿಸಬೇಕು ಎಂದು ಹೇಳಬೇಕಾದವರು ನೀವು, ಅದೂ ಬಾಯಿಬಿಟ್ಟು, ಮೊದಲೇ. ಡಿಲೀಟ್ ಆದ ಫೈಲ್ ಪಹಣಿಯಿಂದ ಹೆಸರು ತೆಗೆದ ಜಮೀನಿದ್ದ ಹಾಗೆ: ನೆಲ ಅಲ್ಲೇ ಇರುತ್ತದೆ, ಬೇರೆಯವರು ಬಂದು ಮನೆ ಕಟ್ಟುವ ತನಕ. ಹೊಸ ವಿಂಡೋಸ್ ಹಾಕುವುದೆಂದರೆ ಅಲ್ಲಿ ಮನೆ ಕಟ್ಟಿಸಿದಂತೆಯೇ. ಡಿಸ್ಕ್ ಬಿಚ್ಚಿಸಿ ಮನೆಗೆ ತನ್ನಿ. ಈಗಾಗಲೇ ವಿಂಡೋಸ್ ಹಾಕಿಸಿಬಿಟ್ಟಿದ್ದರೆ ಸಿ ಡ್ರೈವ್‌ನಲ್ಲಿ 'ವಿಂಡೋಸ್ ಡಾಟ್ ಓಲ್ಡ್' ಎಂಬ ಫೋಲ್ಡರ್ ಇದೆಯೇ ಎಂದು ಇವತ್ತೇ ನೋಡಿ. ಫಾರ್ಮ್ಯಾಟ್ ಮಾಡದೆ ಹಾಕಿದ್ದರೆ ಹಳೇ ಫೈಲ್‌ಗಳು ಅದರೊಳಗೆ ಇರುತ್ತವೆ. ಈಗಿನ ವಿಂಡೋಸ್ ಸಾಮಾನ್ಯವಾಗಿ 10 ದಿನದಲ್ಲಿ ಅದನ್ನು ತಾನಾಗಿಯೇ ಅಳಿಸುತ್ತದೆ.

4. ಏನು ಬೇಕು ಎಂದು ಒಂದು ಚೀಟಿಯಲ್ಲಿ ಬರೆಯಿರಿ.
"ಎಲ್ಲಾ ಬೇಕು" ಅನ್ನುವವನಿಗೆ ಯಾವುದೂ ಬೇಗ ಸಿಗುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಡಿಜಿಲಾಕರ್‌ನಲ್ಲಿ ಸಿಗುತ್ತದೆ. ಸಲ್ಲಿಸಿದ ಜಿಎಸ್‌ಟಿ ರಿಟರ್ನ್ ಪೋರ್ಟಲ್‌ನಲ್ಲಿದೆ. ಗೈಡ್‌ಗೆ ಕಳಿಸಿದ ರಿಪೋರ್ಟ್ ಮೇಲ್‌ನ ಸೆಂಟ್ ಫೋಲ್ಡರ್‌ನಲ್ಲಿದೆ. ಇವನ್ನೆಲ್ಲ ಹೊಡೆದುಹಾಕಿ. ಉಳಿದದ್ದೇ ನಿಜವಾದ ಪಟ್ಟಿ: ಫೋಟೋ, ಟ್ಯಾಲಿ ಡೇಟಾ, ನುಡಿಯಲ್ಲಿ ಟೈಪ್ ಮಾಡಿದ ಪತ್ರ, ಕೋಡ್. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರೂ ಸಿ ಡ್ರೈವ್‌ನ 'ಯೂಸರ್ಸ್' ಫೋಲ್ಡರ್‌ನಲ್ಲಿ ನಿಮ್ಮ ಹೆಸರಿನಡಿ ಇರುತ್ತವೆ. ಎಕ್ಸ್‌ಪಿ ಕಾಲದ ಯಂತ್ರವಾದರೆ 'ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್' ನೋಡಿ.

5. ಸರಿಯಾದ ಕೇಬಲ್ ತನ್ನಿ.
ಡಿಸ್ಕ್‌ನ ಹಿಂಬದಿ ನೋಡಿ. ಸಾಲಾಗಿ ಸುಮಾರು 40 ಪಿನ್ ಇದ್ದರೆ ಅದು ಐಡಿಇ, ಅಂದರೆ 2000ದ ದಶಕದ ಮಾಲು. ಪಿನ್ ಇಲ್ಲದೆ ಎರಡು ಚಪ್ಪಟೆ ಬಾಯಿ ಇದ್ದರೆ ಸಾಟಾ. ಎರಡಕ್ಕೂ ಯುಎಸ್‌ಬಿ ಅಡಾಪ್ಟರ್ ಸಿಗುತ್ತದೆ. ಲ್ಯಾಪ್‌ಟಾಪ್‌ನ 2.5 ಇಂಚಿನ ಸಾಟಾ ಡಿಸ್ಕ್‌ಗೆ ಯುಎಸ್‌ಬಿ ಕರೆಂಟ್ ಸಾಕು. ಡೆಸ್ಕ್‌ಟಾಪ್‌ನ 3.5 ಇಂಚಿನದಕ್ಕೆ 12 ವೋಲ್ಟ್‌ನ ಬೇರೆ ಅಡಾಪ್ಟರ್ ಬೇಕೇ ಬೇಕು. ಅದಿಲ್ಲದೆ ಚುಚ್ಚಿ "ಡಿಸ್ಕ್ ಸತ್ತಿದೆ" ಎಂದು ತೀರ್ಪು ಕೊಡುವವರು ಬೇಕಾದಷ್ಟು ಜನ. ಐಡಿಇ ಕೇಬಲ್ ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ. ಬೆಳಗಿನ ರೈಲು ಹತ್ತಿದರೆ ಸಂಜೆಗೆ ಕೆಲಸ ಶುರು.

6. "ಫಾರ್ಮ್ಯಾಟ್ ಮಾಡಬೇಕೇ?" ಎಂದು ವಿಂಡೋಸ್ ಕೇಳಿದರೆ ಕ್ಯಾನ್ಸಲ್ ಒತ್ತಿ.
ಆ ಪ್ರಶ್ನೆಗೆ ಹೆದರಬೇಡಿ. ಫೈಲ್‌ಗಳ ಪಟ್ಟಿ ಓದಲು ಬರುತ್ತಿಲ್ಲ ಎಂದಷ್ಟೇ ಅದರ ಅರ್ಥ. ಒಂದು ಪೆನ್‌ಡ್ರೈವ್‌ನಲ್ಲಿ ಉಬುಂಟು ಲಿನಕ್ಸ್ ಹಾಕಿ, ಅದರಿಂದಲೇ ಕಂಪ್ಯೂಟರ್ ಬೂಟ್ ಮಾಡಿ. ಇನ್‌ಸ್ಟಾಲ್ ಬೇಡ, ಟ್ರೈ ಆಯ್ಕೆ ಸಾಕು. ಲಿನಕ್ಸ್ ವಿಂಡೋಸ್‌ನ ಡಿಸ್ಕನ್ನು ಓದುತ್ತದೆ, 'ಪರ್ಮಿಷನ್ ಇಲ್ಲ' ಎಂದು ಗೋಳು ಹೊಯ್ದುಕೊಳ್ಳುವುದೂ ಇಲ್ಲ. ಹಾಳಾಗಿರುವುದು ವಿಂಡೋಸ್ ಮಾತ್ರವಾದರೆ ಡಿಸ್ಕ್ ಬಿಚ್ಚುವ ಕೆಲಸವೂ ಉಳಿಯಿತು.
ಹೊಸ ಲ್ಯಾಪ್‌ಟಾಪ್‌ನವರಿಗೆ ಒಂದು ಮಾತು. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ 48 ಅಂಕಿಯ ರಿಕವರಿ ಕೀ ಬೇಕು. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಈಗಲೇ ಲಾಗಿನ್ ಆಗಿ ಬರೆದಿಟ್ಟುಕೊಳ್ಳಿ. ಕೀ ಕಳೆದರೆ ಯಾವ ಎಕ್ಸ್‌ಪರ್ಟ್‌ನಿಂದಲೂ ಆಗದು.

7. ಮೊದಲು ಕಾಪಿ, ಆಮೇಲೆ ರಿಪೇರಿ.
ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಡಿಸ್ಕ್‌ನ ಆರೋಗ್ಯ ನೋಡಿ. 'ಕಾಶನ್' ಅಥವಾ 'ಬ್ಯಾಡ್' ಎಂದು ತೋರಿಸಿದರೆ ಫೋಲ್ಡರ್ ಫೋಲ್ಡರ್ ತೆರೆದು ಅಲೆಯಬೇಡಿ. ಲಿನಕ್ಸ್‌ನ ಡಿಡಿರೆಸ್ಕ್ಯೂ ಬಳಸಿ ಇಡೀ ಡಿಸ್ಕ್‌ನ ಇಮೇಜ್, ಅಂದರೆ ಯಥಾವತ್ ನಕಲು, ತೆಗೆಯಿರಿ. ಅದು ಸುಲಭವಾಗಿ ಓದಲು ಬರುವ ಭಾಗವನ್ನು ಮೊದಲು ಎತ್ತಿಕೊಂಡು, ಹಟಮಾರಿ ಸೆಕ್ಟರ್‌ಗಳನ್ನು ಕೊನೆಗೆ ಮುಟ್ಟುತ್ತದೆ. ನಡುವೆ ಕರೆಂಟ್ ಹೋದರೂ, ಎಲ್ಲಿವರೆಗೆ ಓದಿದೆ ಎಂದು ಬರೆದಿಡುವ ಮ್ಯಾಪ್ ಫೈಲ್ ಇಟ್ಟಿದ್ದರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ನಿಮ್ಮ ಪ್ರಯೋಗಗಳೆಲ್ಲ ಆ ಇಮೇಜ್ ಮೇಲೆ ನಡೆಯಲಿ. ಸಾಯುತ್ತಿರುವ ಡಿಸ್ಕ್ ಮೇಲೆ ವಿಂಡೋಸ್‌ನ ಚೆಕ್‌ಡಿಸ್ಕ್ ರಿಪೇರಿ ಓಡಿಸುವುದು ಶುದ್ಧ ಮೂರ್ಖತನ, ಅದು ಡಿಸ್ಕ್‌ಗೆ ಬರೆಯಲು ಹೊರಡುತ್ತದೆ.

8. ಉಚಿತ ಸಲಕರಣೆ ಮೊದಲು ಬಳಸಿ.
ಪಾರ್ಟಿಷನ್ ಕಾಣೆಯಾಗಿದ್ದರೆ ಟೆಸ್ಟ್‌ಡಿಸ್ಕ್. ಫೈಲ್‌ಗಳೇ ಕಾಣದಿದ್ದರೆ ಫೋಟೋರೆಕ್. ಎರಡಕ್ಕೂ ದುಡ್ಡಿಲ್ಲ. ಫೋಟೋರೆಕ್ ಫೈಲ್‌ನ ಹೆಸರು ಉಳಿಸುವುದಿಲ್ಲ, ಸಾವಿರಾರು ಫೈಲ್‌ಗಳನ್ನು ನಂಬರ್ ಕೊಟ್ಟು ಸುರಿಯುತ್ತದೆ. ವಿಂಗಡಿಸುವ ತಾಳ್ಮೆ ನಿಮ್ಮದು. ಸಿಕ್ಕಿದ್ದನ್ನು ಅದೇ ಡಿಸ್ಕ್‌ಗೆ ಸೇವ್ ಮಾಡಬೇಡಿ. ಎಸ್‌ಎಸ್‌ಡಿಯಲ್ಲಿ ಡಿಲೀಟ್ ಮಾಡಿದ ಫೈಲ್‌ನ ಆಸೆ ಕಡಿಮೆ ಇಟ್ಟುಕೊಳ್ಳಿ. ಟ್ರಿಮ್ ಎಂಬ ವ್ಯವಸ್ಥೆ ಆ ಜಾಗವನ್ನು ಬೇಗ ಒರೆಸಿಬಿಡುತ್ತದೆ.

9. ಕನ್ನಡ ಫೈಲ್ ಗಜಿಬಿಜಿ ಕಂಡರೆ ಅಳಿಸಬೇಡಿ.
ಇಂಗ್ಲಿಷಿನ ರಿಕವರಿ ಗೈಡ್‌ಗಳಲ್ಲಿ ಇದು ಸಿಗುವುದಿಲ್ಲ, ನಮ್ಮಲ್ಲಿ ಹೆಚ್ಚು ನಷ್ಟವಾಗುವುದೇ ಇಲ್ಲಿ. ಕಷ್ಟಪಟ್ಟು ತೆಗೆದ ಫೈಲ್ ತೆರೆದರೆ ತಲೆಯ ಮೇಲೆ ಗೆರೆ-ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. "ಕರಪ್ಟ್ ಆಗಿದೆ" ಎಂದು ಜನ ಡಿಲೀಟ್ ಒತ್ತುತ್ತಾರೆ. ಅದು ಬಹುಪಾಲು ಒಳ್ಳೆಯ ಕನ್ನಡವೇ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಫಾಂಟ್ ಬಂತು. ಆದರೂ ನಮ್ಮ ಕಚೇರಿಗಳು, ಪ್ರೆಸ್‌ಗಳು ವರ್ಷಗಟ್ಟಲೆ ಇಂಗ್ಲಿಷ್ ಅಕ್ಷರಗಳ ಕೋಡ್ ಮೇಲೆ ಕನ್ನಡದ ಚಿತ್ರ ಕೂರಿಸಿದ ಫಾಂಟ್‌ಗಳಲ್ಲೇ ಟೈಪ್ ಮಾಡಿದವು: 1998ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಡಿಟಿಪಿಯವರ ಶ್ರೀಲಿಪಿ. ಫಾಂಟ್ ಇಲ್ಲದಿದ್ದರೆ ಕನ್ನಡ ಕಾಣದು, ಅಷ್ಟೇ.
ಮಾಡಬೇಕಾದ್ದು ಇಷ್ಟು. ಹಳೇ ಡಿಸ್ಕ್‌ನ ವಿಂಡೋಸ್ ಫೋಲ್ಡರ್‌ನೊಳಗಿನ ಫಾಂಟ್ಸ್ ಫೋಲ್ಡರನ್ನೂ ಕಾಪಿ ಮಾಡಿ, ಆಗ ಯಾವ ಫಾಂಟ್ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಫೈಲ್ ತೆರೆದು ಅಲ್ಲಿನ ಕನ್ನಡ ಫಾಂಟ್‌ಗಳನ್ನು ಒಂದೊಂದಾಗಿ ಹಾಕಿ ನೋಡಿ. ಓದಲು ಬಂತೇ? ಕನ್ವರ್ಟರ್‌ನಲ್ಲಿ ಯುನಿಕೋಡ್‌ಗೆ ತಿರುಗಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಒಮ್ಮೆ ಕಣ್ಣಾಡಿಸಿ ಸರಿಪಡಿಸಿ. ಯುನಿಕೋಡ್ ಆದರೆ ಮೊಬೈಲ್‌ನಲ್ಲೂ ಓದಬಹುದು, ಹುಡುಕಿದರೂ ಸಿಗುತ್ತದೆ. ಅಪ್ಪ ಟೈಪ್ ಮಾಡಿಸಿದ ಊರಿನ ಇತಿಹಾಸವೋ, ಸಂಘದ ಹಳೇ ನಡಾವಳಿಯೋ, ಇಂಥವು ಬೇರೆಲ್ಲೂ ಇರುವುದಿಲ್ಲ.
ಟ್ಯಾಲಿಯವರಿಗೂ ಒಂದು ಎಚ್ಚರ. ಟ್ಯಾಲಿಯ 'ಡೇಟಾ' ಫೋಲ್ಡರ್ ಒಳಗೆ 10000 ಎಂಬಂಥ ನಂಬರ್ ಹೆಸರಿನ ಫೋಲ್ಡರ್ ಇರುತ್ತದೆ. ಅದೇ ನಿಮ್ಮ ಕಂಪನಿ. ಒಳಗಿನ ಒಂದೆರಡು ಫೈಲ್ ಆರಿಸಿ ತಂದರೆ ಲೆಕ್ಕ ತೆರೆಯದು, ಇಡೀ ಫೋಲ್ಡರ್ ಎತ್ತಿ. ಹಳೇ ಇಆರ್‌ಪಿ 9 ಡೇಟಾವನ್ನು ಪ್ರೈಮ್‌ನಲ್ಲಿ ತೆರೆಯುವಾಗ ಮೈಗ್ರೇಷನ್ ಕೇಳಿದರೆ ಕಾಪಿಯ ಮೇಲೆ ಮಾತ್ರ ಮಾಡಿ.

10. ಮುಚ್ಚಳ ಬಿಚ್ಚಬೇಡಿ. ಫ್ರಿಜ್‌ನಲ್ಲಿ ಇಡಬೇಡಿ.
ಕಣ್ಣಿಗೆ ಕಾಣದ ಧೂಳಿನ ಕಣವೂ ಹೆಡ್ ತೇಲುವ ಸಂದಿಗಿಂತ ದೊಡ್ಡದು. ಫ್ರಿಜ್‌ನಿಂದ ತೆಗೆದ ಡಿಸ್ಕ್ ಬೆವರುತ್ತದೆ, ಆ ತೇವ ಬೋರ್ಡಿಗೂ ತಟ್ಟೆಗೂ ಅಪಾಯ. ಅದೇ ಮಾಡೆಲ್‌ನ ಇನ್ನೊಂದು ಡಿಸ್ಕ್‌ನ ಬೋರ್ಡ್ ಕಿತ್ತು ಹಾಕುವ ಉಪಾಯವೂ ಈಗ ಸಾಮಾನ್ಯವಾಗಿ ನಡೆಯದು. ಪ್ರತಿ ಡಿಸ್ಕ್‌ನ ಸ್ವಂತ ಹೊಂದಾಣಿಕೆ ಮಾಹಿತಿ ಅದರದೇ ಚಿಪ್‌ನಲ್ಲಿರುತ್ತದೆ. ಟಕ್ ಟಕ್ ಸದ್ದು ಮಾಡುವ ಡಿಸ್ಕನ್ನು ಬೆಂಗಳೂರಿನ ಕ್ಲೀನ್ ರೂಮ್ ಇರುವ ಲ್ಯಾಬ್‌ಗೇ ಕೊಡಿ. ಕೊಡುವ ಮುನ್ನ ಮೂರು ಪ್ರಶ್ನೆ ಕೇಳಿ: ಪರೀಕ್ಷೆಗೆ ಎಷ್ಟು? ಡೇಟಾ ಸಿಗದಿದ್ದರೆ ಎಷ್ಟು? ಹಣ ಕಟ್ಟುವ ಮೊದಲು ಸಿಕ್ಕ ಫೈಲ್‌ಗಳ ಪಟ್ಟಿ ತೋರಿಸುತ್ತೀರಾ? ಉತ್ತರ ಬರಹದಲ್ಲಿ ಪಡೆಯಿರಿ. ಚೌಕಾಸಿ ಮಾಡಲು ಸಂಕೋಚ ಬೇಡ.

11. ಮೂರು ಕಾಪಿ ಇಡಿ.
ಎರಡು ಬೇರೆ ಬೇರೆ ಸಾಧನಗಳಲ್ಲಿ, ಒಂದು ಮನೆಯಿಂದಾಚೆ ಅಥವಾ ಕ್ಲೌಡ್‌ನಲ್ಲಿ. ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಒಂದು ಫೈಲ್ ತೆರೆದು ನೋಡಿ. ಡೆಸ್ಕ್‌ಟಾಪ್‌ಗೆ ಯುಪಿಎಸ್ ಹಾಕಿಸಿ. ಇಷ್ಟೇ.

12. ಡೇಟಾ ಒರೆಸದೆ ಡಿಸ್ಕನ್ನು ಗುಜರಿಗೆ ಹಾಕಬೇಡಿ, ನೋಡದೆ ಎಸೆಯಲೂಬೇಡಿ.
ಬ್ರಿಟನ್ನಿನ ನ್ಯೂಪೋರ್ಟ್‌ನ ಜೇಮ್ಸ್ ಹೊವೆಲ್ಸ್ ಅವರ ಹಾರ್ಡ್ ಡಿಸ್ಕ್ 2013ರಲ್ಲಿ ಕಸದ ಜೊತೆ ಹೋಯಿತು. ಅದರಲ್ಲಿ ಸಾವಿರಾರು ಬಿಟ್‌ಕಾಯಿನ್‌ಗಳ ಕೀ ಇತ್ತು. ಕಸದ ಗುಡ್ಡೆ ಅಗೆಯಲು ಬಿಡಿ ಎಂದು ನಗರಸಭೆಯ ವಿರುದ್ಧ ಕೋರ್ಟಿಗೆ ಹೋದರು, 2025ರ ಜನವರಿಯಲ್ಲಿ ಹೈಕೋರ್ಟ್ ದಾವೆ ವಜಾ ಮಾಡಿತು. ನಿಮ್ಮ ಅಟ್ಟದ ಸಿಪಿಯುನಲ್ಲಿ ಬಿಟ್‌ಕಾಯಿನ್ ಇರಲಿಕ್ಕಿಲ್ಲ. ಆದರೆ ಆಧಾರ್ ಸ್ಕ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್, ಮನೆಯವರ ಫೋಟೋ ಖಂಡಿತ ಇವೆ. ನೀವು ಫೋಟೋರೆಕ್ ಓಡಿಸಿದಂತೆ ಗುಜರಿಯಿಂದ ಡಿಸ್ಕ್ ಕೊಂಡವನೂ ಓಡಿಸಬಲ್ಲ. ಬೇಕಾದ್ದೆಲ್ಲ ಬೇರೆಡೆ ತೆರೆದು ಖಾತ್ರಿ ಮಾಡಿಕೊಂಡ ಮೇಲೆ, ಕ್ವಿಕ್ ಎಂಬ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಕೊಡಿ. ಗಂಟೆಗಟ್ಟಲೆ ಹಿಡಿಯುತ್ತದೆ, ಹಿಡಿಯಲಿ. ತಿರುಗದ ಡಿಸ್ಕ್ ಆದರೆ ತಟ್ಟೆಯ ಮೂಲಕ ಹಾಯುವಂತೆ ನಾಲ್ಕೈದು ಕಡೆ ಡ್ರಿಲ್ ಹೊಡೆಸಿ, ಆಮೇಲೆ ಇ-ವೇಸ್ಟ್ ತೆಗೆದುಕೊಳ್ಳುವವರಿಗೆ ಕೊಡಿ.