ಐಬಿಡಿ ಇದ್ದವರು ಎಂಟನೇ ವರ್ಷ ಮರೆಯಬೇಡಿ
ಕರುಳಿನ ಕ್ಯಾನ್ಸರ್ ತಪಾಸಣೆ: ಯಾವಾಗ, ಹೇಗೆ, ಏನು ಕೇಳಬೇಕು?

ಅಲ್ಸರೇಟಿವ್ ಕೊಲೈಟಿಸ್ ಅಥವಾ ಕ್ರೋನ್ಸ್ ಕಾಯಿಲೆ ಇರುವವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಮೊದಲ ಭೇಟಿಯಲ್ಲಿ ವೈದ್ಯರು ಇದನ್ನು ಹೇಳಿದರೂ, ರಕ್ತ ನಿಂತರೆ ಸಾಕು ಎಂದು ಹಂಬಲಿಸುವ ರೋಗಿಯ ತಲೆಗೆ ಅದು ಹೋಗಿರುವುದಿಲ್ಲ. ಆಮೇಲೆ ಕಾಯಿಲೆ ಹತೋಟಿಗೆ ಬರುತ್ತದೆ. ಓದು, ಮದುವೆ, ವರ್ಗಾವಣೆ ಎಂದು ವರ್ಷಗಳು ಉರುಳುತ್ತವೆ. ಕ್ಯಾನ್ಸರಿನ ಅಪಾಯ ಸದ್ದಿಲ್ಲದೆ ಏರುವುದು ಈ ಆರಾಮದ ವರ್ಷಗಳಲ್ಲೇ.

ಈ ಎರಡೂ ಕಾಯಿಲೆಗಳಿಗೆ ಒಟ್ಟಾಗಿ ಐಬಿಡಿ ಎನ್ನುತ್ತಾರೆ. ಹೆಸರು ಹೋಲುವ ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್) ಬೇರೆ, ಅದರಲ್ಲಿ ಕರುಳಿಗೆ ಹುಣ್ಣಾಗುವುದಿಲ್ಲ, ಕ್ಯಾನ್ಸರ್ ಅಪಾಯವೂ ಹೆಚ್ಚುವುದಿಲ್ಲ.

ಹೆದರುವ ಮೊದಲು ಲೆಕ್ಕ ನೋಡೋಣ. ಕೊಲೈಟಿಸ್ ರೋಗಿಗಳ ಮೇಲಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2001ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಕಾಯಿಲೆ ಶುರುವಾಗಿ 10 ವರ್ಷಕ್ಕೆ ನೂರರಲ್ಲಿ 2, 20 ವರ್ಷಕ್ಕೆ 8, 30 ವರ್ಷಕ್ಕೆ 18 ಜನರಿಗೆ ಕ್ಯಾನ್ಸರ್ ಬಂದಿತ್ತು. ಈಚಿನ ಅಧ್ಯಯನಗಳಲ್ಲಿ ಈ ಅಂಕಿ ಇದಕ್ಕಿಂತ ಸಾಕಷ್ಟು ಕಡಿಮೆ. ಅಂದರೆ ಬಹುತೇಕರಿಗೆ ಕ್ಯಾನ್ಸರ್ ಬರುವುದೇ ಇಲ್ಲ. ಆದರೆ ಯಾರಿಗೆ ಬರುತ್ತದೆ ಎಂದು ಮುಂಚೆ ಹೇಳಲಾಗದ ಕಾರಣ ಎಲ್ಲರ ಮೇಲೂ ಕಣ್ಣಿಡಬೇಕಾಗುತ್ತದೆ.

ಮೊದಲು ದಿನಾಂಕ ಬರೆದುಕೊಳ್ಳಿ

ತಪಾಸಣೆಯ ಗಡಿಯಾರ ಶುರುವಾಗುವುದು ಕಾಯಿಲೆಗೆ ಹೆಸರಿಟ್ಟ ದಿನದಿಂದಲ್ಲ, ಮೊದಲ ಬಾರಿ ರೋಗಲಕ್ಷಣ ಕಂಡ ದಿನದಿಂದ. ನಮ್ಮ ಕಡೆ ಇವೆರಡರ ನಡುವೆ ದೊಡ್ಡ ಅಂತರವಿರುತ್ತದೆ. ಮಲದಲ್ಲಿ ರಕ್ತ ಕಂಡರೆ ಮೊದಲು ಮೂಲವ್ಯಾಧಿ ಎಂದು ನಾಟಿ ಔಷಧಿ, ಆಮೇಲೆ ಆಮಶಂಕೆ ಎಂದು ಮೆಡಿಕಲ್ ಶಾಪಿನ ಮಾತ್ರೆ. ಕ್ರೋನ್ಸ್ ಇದ್ದವರ ಕಥೆ ಇನ್ನೂ ಉದ್ದ. ಅದು ಕರುಳಿನ ಕ್ಷಯದಂತೆಯೇ ಕಾಣುವುದರಿಂದ ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿದ ಮೇಲೆಯೇ ಅನೇಕರಿಗೆ ನಿಜವಾದ ಹೆಸರು ತಿಳಿಯುವುದು. ಹಾಗಾಗಿ ಮನೆಯವರನ್ನೂ ಕೇಳಿ, ಮೊದಲು ರಕ್ತ ಕಂಡದ್ದು ಪಿಯುಸಿ ಓದುವಾಗಲೋ, ಮೊದಲ ಹೆರಿಗೆಯಾದ ಮೇಲೋ ಎಂದು ನೆನಪಿಸಿಕೊಂಡು, ಆ ವರ್ಷವನ್ನು ಫೈಲಿನ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ.

ಅದಕ್ಕೆ 8 ಕೂಡಿಸಿ. ಎಷ್ಟೇ ಆರಾಮವಾಗಿದ್ದರೂ ಆ ವರ್ಷ ತಪಾಸಣೆಯ ಕೊಲೊನೋಸ್ಕೋಪಿ ಆಗಲೇಬೇಕು. ಇದಕ್ಕೊಂದು ಅಪವಾದವಿದೆ. ಪಿತ್ತನಾಳಗಳು ಉರಿಯೂತದಿಂದ ಕಿರಿದಾಗುವ ಪಿಎಸ್‌ಸಿ ಎಂಬ ಕಾಯಿಲೆಯೂ ಜೊತೆಗಿದ್ದರೆ ಎಂಟು ವರ್ಷ ಕಾಯುವಂತಿಲ್ಲ. ಅದು ಪತ್ತೆಯಾದಂದಿನಿಂದಲೇ ಪ್ರತಿ ವರ್ಷ ತಪಾಸಣೆ ಬೇಕು. ಲಿವರ್ ಪರೀಕ್ಷೆಯಲ್ಲಿ ಅಲ್ಕಲೈನ್ ಫಾಸ್ಫಟೇಸ್ ಪದೇ ಪದೇ ಹೆಚ್ಚು ಬರುತ್ತಿದ್ದರೆ ಈ ಬಗ್ಗೆ ವೈದ್ಯರನ್ನು ನೀವೇ ಕೇಳಿ.

ಕರುಳಿನ ಎಷ್ಟು ಭಾಗ?

ಹಳೆಯ ವರದಿಗಳಲ್ಲಿ ಉರಿಯೂತ ಎಲ್ಲಿಂದ ಎಲ್ಲಿಯವರೆಗಿತ್ತು ಎಂದು ನೋಡಿ. ಸ್ವೀಡನ್ನಿನಲ್ಲಿ ನಡೆದು 1990ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ತೋರಿಸಿತು. ಗುದನಾಳದಲ್ಲಿ ಮಾತ್ರ ಕಾಯಿಲೆ ಇದ್ದವರಲ್ಲಿ ಕ್ಯಾನ್ಸರ್ ಸಾಧ್ಯತೆ ಸಾಮಾನ್ಯರ 1.7 ಪಟ್ಟು, ಎಡಭಾಗದ ಕರುಳಿನಲ್ಲಿದ್ದವರಲ್ಲಿ 2.8 ಪಟ್ಟು, ಇಡೀ ದೊಡ್ಡ ಕರುಳಿನಲ್ಲಿದ್ದವರಲ್ಲಿ 14.8 ಪಟ್ಟು. ಗುದನಾಳಕ್ಕೆ ಸೀಮಿತವಾದವರಿಗೆ ಎಂಟನೇ ವರ್ಷದ ಪರೀಕ್ಷೆಯಲ್ಲಿ ಕಾಯಿಲೆ ಮೇಲಕ್ಕೆ ಹಬ್ಬಿಲ್ಲ ಎಂದು ಖಚಿತವಾದರೆ, ಪದೇ ಪದೇ ತಪಾಸಣೆ ಸಾಮಾನ್ಯವಾಗಿ ಬೇಕಿಲ್ಲ. ಕ್ರೋನ್ಸ್‌ನಲ್ಲೂ ದೊಡ್ಡ ಕರುಳಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೆಟ್ಟಿದ್ದರೆ ಎಂಟನೇ ವರ್ಷದಿಂದ ತಪಾಸಣೆಯ ನಿಯಮ ಅನ್ವಯಿಸುತ್ತದೆ.

ಒಂದು ವಿಚಿತ್ರ: ಕೊಲೈಟಿಸ್ ಇದ್ದ ಕರುಳಿನಲ್ಲಿ ಕ್ಯಾನ್ಸರ್ ಬಂದದ್ದನ್ನು 1925ರಲ್ಲೇ ವರದಿ ಮಾಡಿದವರು ನ್ಯೂಯಾರ್ಕಿನ ಕ್ರೋನ್ ಮತ್ತು ರೋಸೆನ್‌ಬರ್ಗ್. ಕ್ರೋನ್ ಅವರ ಹೆಸರು ಅಂಟಿಕೊಂಡದ್ದು ಮಾತ್ರ ಇನ್ನೊಂದು ಕಾಯಿಲೆಗೆ.

ಒಂದೋ, ಮೂರೋ, ಐದೋ

ಮುಂದಿನ ಕೊಲೊನೋಸ್ಕೋಪಿ ಯಾವಾಗ ಎಂಬುದು ಎಲ್ಲರಿಗೂ ಒಂದೇ ಅಲ್ಲ. ಉರಿಯೂತ ಇನ್ನೂ ಜೋರಾಗಿದ್ದರೆ, ಕರುಳು ಒಂದೆಡೆ ಕಿರಿದಾಗಿದ್ದರೆ, ಈಚಿನ ವರ್ಷಗಳಲ್ಲಿ ಬಯಾಪ್ಸಿಯಲ್ಲಿ ಡಿಸ್‌ಪ್ಲೇಸಿಯಾ (ಕ್ಯಾನ್ಸರ್‌ನತ್ತ ಹೊರಟ ಕೋಶಗಳು) ಬಂದಿದ್ದರೆ, ಅಥವಾ ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ 50 ವಯಸ್ಸಿನೊಳಗೆ ಕರುಳಿನ ಕ್ಯಾನ್ಸರ್ ಬಂದಿದ್ದರೆ ವರ್ಷಕ್ಕೊಮ್ಮೆ. ಸೌಮ್ಯ ಉರಿಯೂತ ಉಳಿದಿದ್ದರೆ, ಹುಣ್ಣು ಮಾಗಿದ ಜಾಗದಲ್ಲಿ ಸುಳ್ಳು ಪಾಲಿಪ್‌ಗಳಿದ್ದರೆ, ಅಥವಾ ಕುಟುಂಬದಲ್ಲಿ 50 ದಾಟಿದ ಮೇಲೆ ಬಂದಿದ್ದರೆ ಮೂರು ವರ್ಷಕ್ಕೆ. ಇದ್ಯಾವುದೂ ಇಲ್ಲದಿದ್ದರೆ ಐದು ವರ್ಷಕ್ಕೆ. ಆಸ್ಪತ್ರೆಯಿಂದ ಹೊರಡುವಾಗ ಮುಂದಿನ ತಪಾಸಣೆಯ ವರ್ಷವನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಸಾಲದು.

ಇಲ್ಲೊಂದು ಎಚ್ಚರಿಕೆ. ಮಲದಲ್ಲಿ ಕಣ್ಣಿಗೆ ಕಾಣದ ರಕ್ತವನ್ನು ಹುಡುಕುವ ಪರೀಕ್ಷೆ ಇದಕ್ಕೆ ಬದಲಿಯಲ್ಲ. ಹುಣ್ಣಿರುವ ಕರುಳಿನಿಂದ ರಕ್ತ ಬರುವುದು ಸಹಜ. ಅದು ಕ್ಯಾನ್ಸರಿನದೋ ಹುಣ್ಣಿನದೋ ಎಂದು ಆ ಪರೀಕ್ಷೆ ಹೇಳಲಾರದು.

ತಯಾರಿ: ಅರ್ಧ ಫಲಿತಾಂಶ ಇದರಲ್ಲೇ

ತಪಾಸಣೆಗೆ ಕಾಯಿಲೆ ತಣ್ಣಗಿರುವ ಸಮಯವನ್ನೇ ಆರಿಸಿಕೊಳ್ಳಿ. ಕರುಳು ಕೆಂಪಾಗಿ ಊದಿದ್ದಾಗ ತುಣುಕು ತೆಗೆದರೆ, ಉರಿಯೂತದಿಂದ ಕೆಟ್ಟ ಕೋಶವೋ ಕ್ಯಾನ್ಸರ್‌ನತ್ತ ಹೊರಟ ಕೋಶವೋ ಎಂದು ಬಿಡಿಸಿ ಹೇಳುವುದು ಪೆಥಾಲಜಿಸ್ಟ್‌ಗೂ ಕಷ್ಟ. ಹಾಗೆಂದು ಕಾಯಿಲೆ ತಣ್ಣಗಾಗದಿದ್ದರೆ ತಪಾಸಣೆಯನ್ನು ಮುಂದೂಡುತ್ತಲೇ ಹೋಗುವಂತಿಲ್ಲ.

ಎರಡು ಮೂರು ದಿನ ಮುಂಚಿನಿಂದ ನಾರು ಮತ್ತು ಬೀಜ ಬಿಡಬೇಕು. ರಾಗಿಮುದ್ದೆ, ಸೊಪ್ಪಿನ ಸಾರು, ಸೀಬೆಹಣ್ಣು, ಎಳ್ಳು ಬೇಡ. ಒಗ್ಗರಣೆಯ ಸಾಸಿವೆಯೂ ಬೇಡ. ಬಿಳಿ ಅನ್ನ, ತಿಳಿಸಾರು, ಇಡ್ಲಿ, ಮೊಸರು ಸರಿ. ಹಿಂದಿನ ದಿನ ತಿಳಿದ್ರವ ಮಾತ್ರ: ಗಂಜಿಯ ತಿಳಿ, ಎಳನೀರು, ಹಾಲಿಲ್ಲದ ಟೀ, ಸೋಸಿದ ನಿಂಬೆ ಪಾನಕ. ಕಿಡ್ನಿ ತೊಂದರೆ ಇದ್ದವರು ಎಳನೀರಿಗೆ ಮುನ್ನ ವೈದ್ಯರನ್ನು ಕೇಳಬೇಕು. ಬೀಟ್‌ರೂಟ್ ರಸದಂಥ ಕೆಂಪು ಪಾನೀಯ ಕುಡಿದರೆ ಒಳಗೆ ರಕ್ತದಂತೆ ಕಂಡು ಗೊಂದಲವಾಗುತ್ತದೆ. ಕಬ್ಬಿಣದ ಮಾತ್ರೆಯನ್ನು ಸುಮಾರು ವಾರದ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಸಕ್ಕರೆ ಕಾಯಿಲೆಯ ಮತ್ತು ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಕೇಳದೆ ನಿಲ್ಲಿಸಲೂಬಾರದು, ನುಂಗಲೂಬಾರದು.

ಭೇದಿಗೆ ಕೊಡುವ ಪುಡಿಯ ನೀರು ಉಪ್ಪುಪ್ಪಾಗಿ ಓಕರಿಕೆ ತರಿಸುತ್ತದೆ, ಇದರಲ್ಲಿ ಸುಳ್ಳಿಲ್ಲ. ಫ್ರಿಜ್ಜಿನಲ್ಲಿಟ್ಟು ತಣ್ಣಗಾದ ಮೇಲೆ ನಿಧಾನವಾಗಿ ಕುಡಿಯಿರಿ. ಒಂದೇ ಬಾರಿ ಮುಗಿಸುವುದಕ್ಕಿಂತ ಅರ್ಧ ಹಿಂದಿನ ಸಂಜೆ, ಇನ್ನರ್ಧ ಪರೀಕ್ಷೆಯ ದಿನ ಬೆಳಗಿನ ಜಾವ ಕುಡಿದರೆ ಕರುಳು ಹೆಚ್ಚು ಶುಚಿಯಾಗುತ್ತದೆ. ಕೊನೆಗೆ ಮೂತ್ರದಂತೆ ತಿಳಿಹಳದಿ ನೀರು ಮಾತ್ರ ಹೋಗಬೇಕು. ಇನ್ನೂ ಕಂದಾಗಿದ್ದರೆ ನಾಚಿಕೆ ಬಿಟ್ಟು ನರ್ಸ್‌ಗೆ ಹೇಳಿ. ಮತ್ತಿನ ಔಷಧ ಕೊಡುವುದರಿಂದ ಜೊತೆಗೊಬ್ಬರು ಇರಲಿ. ಆ ದಿನ ಬೈಕು, ಕಾರು ಮುಟ್ಟಬೇಡಿ.

ವೈದ್ಯರನ್ನು ಕೇಳಬೇಕಾದದ್ದು

ಐಬಿಡಿಯಲ್ಲಿ ಕ್ಯಾನ್ಸರ್ ಹುಟ್ಟುವ ರೀತಿಯೇ ಬೇರೆ. ಸಾಮಾನ್ಯವಾಗಿ ಅದು ಎದ್ದು ಕಾಣುವ ಪಾಲಿಪ್‌ನಿಂದ ಶುರುವಾಗುತ್ತದೆ; ಇಲ್ಲಿ ಅನೇಕ ಸಲ ಚಪ್ಪಟೆಯಾಗಿ, ಒಂದಕ್ಕಿಂತ ಹೆಚ್ಚು ಕಡೆ ಹಬ್ಬುತ್ತದೆ. ಅದಕ್ಕೇ ‘ಡೈ ಹಾಕಿ ನೋಡುತ್ತೀರಾ, ಹೈ ಡೆಫಿನಿಷನ್ ಸ್ಕೋಪ್ ಇದೆಯಾ?’ ಎಂದು ಮುಂಚೆಯೇ ಕೇಳಿ. ಇಂಡಿಗೊ ಕಾರ್ಮೈನ್ ಅಥವಾ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಚಿಮುಕಿಸಿದರೆ, ಸಾರಣೆಯಾದ ಗೋಡೆಯ ಉಬ್ಬುತಗ್ಗು ಓರೆ ಬೆಳಕಿನಲ್ಲಿ ಕಾಣುವಂತೆ ಒಳಪದರದ ಏರುಪೇರು ಎದ್ದು ಕಾಣುತ್ತದೆ. ಈ ಸೌಲಭ್ಯ ಇಲ್ಲದ ಕಡೆ ಪ್ರತಿ 10 ಸೆಂಟಿಮೀಟರಿಗೆ ನಾಲ್ಕರಂತೆ ಒಟ್ಟು ಮೂವತ್ತಕ್ಕೂ ಹೆಚ್ಚು ತುಣುಕು ತೆಗೆಯುವುದು ಹಳೆಯ ಪದ್ಧತಿ. ತುಣುಕು ತೆಗೆಯುವಾಗ ನೋವಾಗುವುದಿಲ್ಲ.

ವರದಿಯಲ್ಲಿ ಡಿಸ್‌ಪ್ಲೇಸಿಯಾ ಎಂದಿದ್ದರೆ

ಅದು ಕ್ಯಾನ್ಸರ್ ಅಲ್ಲ, ಆದರೆ ಆ ದಾರಿಯಲ್ಲಿದೆ ಎಂಬ ಸೂಚನೆ. ಮೊದಲು ಅದೇ ಸ್ಲೈಡನ್ನು ಕರುಳಿನ ಕಾಯಿಲೆಗಳಲ್ಲಿ ಪಳಗಿದ ಇನ್ನೊಬ್ಬ ಪೆಥಾಲಜಿಸ್ಟ್‌ಗೆ ತೋರಿಸಿ. ಇದು ಮೊದಲಿನವರ ಮೇಲಿನ ಅಪನಂಬಿಕೆಯಲ್ಲ, ವಾಡಿಕೆಯ ಕ್ರಮ. ಸ್ಪಷ್ಟವಾಗಿ ಕಾಣುವ ಒಂದೇ ಜಾಗವಿದ್ದರೆ ಸ್ಕೋಪ್‌ನಲ್ಲೇ ಪೂರ್ತಿ ತೆಗೆದು, ಹತ್ತಿರ ಹತ್ತಿರ ತಪಾಸಣೆ ಮಾಡುತ್ತಾ ಹೋಗಬಹುದು. ತೀವ್ರ ಹಂತದ್ದಾಗಿ ಕಣ್ಣಿಗೆ ಕಾಣದಿದ್ದರೆ ಅಥವಾ ಹಲವೆಡೆ ಇದ್ದರೆ ದೊಡ್ಡ ಕರುಳನ್ನೇ ತೆಗೆಯುವ ಮಾತು ಬರುತ್ತದೆ. ಸಣ್ಣ ಕರುಳಿನಿಂದ ಒಳಗೇ ಚೀಲ ಕಟ್ಟಿ ಗುದದ್ವಾರಕ್ಕೆ ಜೋಡಿಸುವ ಶಸ್ತ್ರಚಿಕಿತ್ಸೆ 1978ರಿಂದ ಬಳಕೆಯಲ್ಲಿದೆ, ಹಾಗಾಗಿ ಹೊಟ್ಟೆಯ ಮೇಲಿನ ಚೀಲ ಎಲ್ಲರಿಗೂ ಜೀವನಪರ್ಯಂತ ಬೇಕಾಗುವುದಿಲ್ಲ. ಗುದನಾಳ ಉಳಿಸಿಕೊಂಡವರು ಮಾತ್ರ ಅದರ ತಪಾಸಣೆ ಬಿಡುವಂತಿಲ್ಲ.

ನಡುವಿನ ವರ್ಷಗಳಲ್ಲಿ

ಉರಿಯೂತ ಆರಿಸುವುದೇ ದೊಡ್ಡ ರಕ್ಷಣೆ. ಆರಾಮಾಯಿತೆಂದು ಉರಿಯೂತ ತಡೆಯುವ ಮೆಸಲಮೈನ್ ಔಷಧಿ ನಿಲ್ಲಿಸುವುದು, ಮತ್ತೆ ರಕ್ತ ಕಂಡಾಗ ಹಳೆಯ ಚೀಟಿ ತೋರಿಸಿ ಸ್ಟೀರಾಯ್ಡ್ ತಂದು ನುಂಗುವುದು ನಮ್ಮಲ್ಲಿ ತೀರಾ ಸಾಮಾನ್ಯ, ತೀರಾ ಅಪಾಯಕಾರಿ ಕೂಡ. ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆಯಿಂದ ಒಳಗಿನ ಉರಿಯೂತದ ಅಂದಾಜು ಸಿಗುತ್ತದೆ.

ತೂಕ ಇಳಿಯುತ್ತಿದ್ದರೆ, ಹಿಮೋಗ್ಲೋಬಿನ್ ಕಾರಣವಿಲ್ಲದೆ ಕುಸಿದರೆ, ಮಾತ್ರೆ ನುಂಗುತ್ತಿದ್ದರೂ ರಕ್ತ ನಿಲ್ಲದಿದ್ದರೆ ಅಥವಾ ಮಲಬದ್ಧತೆಯೊಂದಿಗೆ ಹೊಟ್ಟೆ ಉಬ್ಬರಿಸುತ್ತಿದ್ದರೆ, ಇದು ಹಳೆಯ ಕಾಯಿಲೆಯೇ ಎಂದು ನೀವೇ ತೀರ್ಮಾನಿಸಬೇಡಿ. ಮುಂದಿನ ಕೊಲೊನೋಸ್ಕೋಪಿಗೆ ಇನ್ನೂ ಎರಡು ವರ್ಷವಿದ್ದರೂ ಸರಿ, ಆ ವಾರವೇ ವೈದ್ಯರನ್ನು ಕಾಣಿರಿ.