ಗಾಜಿನ ತೊಟ್ಟಿಯ ಮೀನುಗಳಿಗೆ ಬೇಸಿಗೆಯ ಆರೈಕೆ

ನಮ್ಮ ಶಾಲೆಯ ವಿಜ್ಞಾನ ಕೊಠಡಿಯ ಮೂಲೆಯಲ್ಲಿದ್ದ ಮೀನಿನ ತೊಟ್ಟಿ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ನೆನಪಿರಬಹುದು. 1987ರ ಏಪ್ರಿಲ್ ತಿಂಗಳಲ್ಲಿ ಅದರೊಳಗಿನ ಆರು ಹೊಂಬಣ್ಣದ ಮೀನುಗಳಲ್ಲಿ ನಾಲ್ಕು ಒಂದೇ ರಾತ್ರಿ ಸತ್ತವು. ಅದಕ್ಕೆ ಕಾರಣನಾದವನು ನಾನೇ.

ಅಂದು ತೊಟ್ಟಿಯ ನೀರು 34 ಡಿಗ್ರಿಗೆ ಏರಿತ್ತು. ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಐದನೆಯ ಇಯತ್ತೆಯ ಬಾಲಕಿಯೊಬ್ಬಳು, “ನೀರಾಗ ಇದ್ದ ಮೀನಿಗೂ ಧಗಿ ಆಗತದೇನ್ರಿ ಸರ?” ಎಂದು ಕೇಳಿದಳು. ನಾನು ಉತ್ತರ ಹೇಳಲಿಲ್ಲ. ಸೋಡಾ ಅಂಗಡಿಯಿಂದ ಐದು ಕಿಲೋ ಬರ್ಫ ತರಿಸಿ, ಒಡೆಸಿ, ತೊಟ್ಟಿಗೆ ಸುರಿಸಿದೆ. ಅರ್ಧ ತಾಸಿನಲ್ಲಿ ನೀರು 25 ಡಿಗ್ರಿಗೆ ಇಳಿಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಮರುದಿನ ಬೆಳಗಿನ ಶಾಲೆಗೆ ಬಂದಾಗ ನೋಡಿದ್ದನ್ನು ವಿವರಿಸಬೇಕಾಗಿಲ್ಲ. ಆ ಬಾಲಕಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಮೀನಿನ ದೇಹಕ್ಕೆ ನಮ್ಮಂತೆ ತನ್ನದೇ ಸ್ಥಿರವಾದ ಶಾಖವಿಲ್ಲ. ಸುತ್ತಲಿನ ನೀರಿನ ಶಾಖವೇ ಅದರ ಶಾಖ. ನೀರು ಬಿಸಿಯಾದಂತೆ ಅದರ ದೇಹದ ವ್ಯಾಪಾರಗಳು ಚುರುಕಾಗಿ ಹೆಚ್ಚು ಪ್ರಾಣವಾಯು ಬೇಕಾಗುತ್ತದೆ. ಆದರೆ ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರಬಲ್ಲ ಪ್ರಾಣವಾಯು ಕಡಿಮೆ. 20 ಡಿಗ್ರಿಯ ಒಂದು ಲೀಟರ್ ನೀರು ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಪ್ರಾಣವಾಯುವನ್ನು ಹಿಡಿದುಕೊಳ್ಳುತ್ತದೆ. 35 ಡಿಗ್ರಿಯಲ್ಲಿ ಅದು ಸುಮಾರು 7 ಮಿಲಿಗ್ರಾಂ ಮಾತ್ರ. ಖರ್ಚು ಹೆಚ್ಚು, ಆದಾಯ ಕಡಿಮೆ ಎಂಬಂತಹ ಸಂಸಾರವಿದು. ಆದ್ದರಿಂದ ಮೇಲೆ ಬಂದು ಬಾಯಿ ತೆರೆಯುವ ಮೀನು ಮೊದಲು ಕೇಳುವುದು ಉಸಿರನ್ನು, ತಂಪು ಅನಂತರದ್ದು. ನೀರನ್ನು ಕಲಕುವುದು, ಗಾಳಿಯ ಪಂಪನ್ನು ಹಗಲಿರುಳು ನಡೆಸುವುದು, ಆಹಾರವನ್ನು ಅರ್ಧಕ್ಕೆ ಇಳಿಸುವುದು ಇವೇ ಪ್ರಥಮ ಚಿಕಿತ್ಸೆ. ತಿನ್ನದೆ ಉಳಿದ ಆಹಾರ ಕೊಳೆಯುವುದಕ್ಕೂ ಪ್ರಾಣವಾಯು ಖರ್ಚಾಗುತ್ತದೆ. ಕರೆಂಟು ಹೋದಾಗ ತಂಬಿಗೆಯಲ್ಲಿ ತೊಟ್ಟಿಯ ನೀರನ್ನೇ ಎತ್ತಿ ಒಂದು ಗೇಣು ಮೇಲಿನಿಂದ ಮೆಲ್ಲನೆ ಸುರಿಯುತ್ತಿದ್ದರೂ ಸಾಕು.

ಇನ್ನು ತಂಪಿನ ವಿಚಾರ. ನಮ್ಮ ಅಜ್ಜಿಯರ ಹರವಿ ಬೇಸಿಗೆಯಲ್ಲಿ ನೀರನ್ನು ಹೇಗೆ ತಂಪಾಗಿಡುತ್ತಿತ್ತು? ಮಣ್ಣಿನ ಸೂಕ್ಷ್ಮ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಂಡು ಹೋಗುತ್ತಿತ್ತು. ಗಾಜು ಜಿನುಗುವುದಿಲ್ಲ, ಆದರೆ ತೊಟ್ಟಿಯ ಬಾಯಿ ತೆರೆದೇ ಇದೆಯಲ್ಲ! ಮುಚ್ಚಳ ತೆಗೆದು, ಸಣ್ಣ ಫ್ಯಾನಿನ ಗಾಳಿ ನೀರಿನ ಮೇಲ್ಮೈಯನ್ನು ಓರೆಯಾಗಿ ಸವರುವಂತೆ ಇಟ್ಟರೆ ತೊಟ್ಟಿಯೇ ಹರವಿಯಾಗುತ್ತದೆ. ಲೆಕ್ಕ ನೋಡಿರಿ: ಒಂದು ಲೀಟರ್ ನೀರು ಆವಿಯಾಗಲು ಸುಮಾರು 580 ಕಿಲೋಕ್ಯಾಲರಿ ಶಾಖ ಬೇಕು. 60 ಲೀಟರಿನ ತೊಟ್ಟಿಯನ್ನು ಒಂದು ಡಿಗ್ರಿ ಇಳಿಸಲು 60 ಕಿಲೋಕ್ಯಾಲರಿ ತೆಗೆದರೆ ಸಾಕು. ಕೋಣೆಯ ಶಾಖ ಮತ್ತೆ ಮತ್ತೆ ಒಳಸೇರುವುದರಿಂದ ಪೂರ್ಣ ಫಲ ದೊರೆಯದು; ಆದರೂ ಎರಡರಿಂದ ನಾಲ್ಕು ಡಿಗ್ರಿಯವರೆಗೆ ಇಳಿಯುತ್ತದೆ, ಅದೂ ನಿಧಾನವಾಗಿ. ಮೀನು ಹಾರಿ ಹೊರಗೆ ಬೀಳದಂತೆ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಬೇಕು. ನಮ್ಮ ಸೊಲ್ಲಾಪುರದ ದಪ್ಪ ಟವೆಲನ್ನು ತೋಯಿಸಿ ಗಾಜಿನ ಹಿಂಬದಿಗೂ ಪಕ್ಕಗಳಿಗೂ ಹೊದಿಸಿ, ಆಗಾಗ ನೀರು ಚಿಮುಕಿಸಿದರೆ ಇನ್ನಷ್ಟು ಅನುಕೂಲ. ತೊಟ್ಟಿಯ ದೀಪವನ್ನು ಹಗಲಿನಲ್ಲಿ ಆರಿಸಿಡಿ. ಪಶ್ಚಿಮದ ಕಿಟಕಿಯ ಬಳಿ ತೊಟ್ಟಿ ಇಟ್ಟವರಿಗೆ ಯಾವ ಉಪಾಯವೂ ಫಲಿಸದು. ಬೇಸಿಗೆಗೆ ಮುನ್ನವೇ ಸ್ಥಳ ಬದಲಿಸತಕ್ಕದ್ದು.

ಆವಿಯಾಗಿ ಹೋಗುವುದು ನೀರು ಮಾತ್ರ, ಲವಣಗಳು ತೊಟ್ಟಿಯಲ್ಲೇ ಉಳಿಯುತ್ತವೆ. ನಮ್ಮ ಕಡೆಯ ಬೋರಿನ ಗಡಸು ನೀರನ್ನೇ ದಿನವೂ ಮೇಲೆ ತುಂಬುತ್ತಿದ್ದರೆ ಗಡಸುತನ ಏರುತ್ತಲೇ ಹೋಗುತ್ತದೆ. ಆದಕಾರಣ ವಾರಕ್ಕೊಮ್ಮೆ ನಾಲ್ಕನೆಯ ಒಂದು ಭಾಗ ಹಳೆಯ ನೀರನ್ನು ತೆಗೆದು ಹೊಸ ನೀರು ಹಾಕಬೇಕು. ಹೊಸ ನೀರನ್ನು ಹಿಂದಿನ ದಿನವೇ ಬಕೆಟ್ಟಿನಲ್ಲಿ ನೆರಳಿಗೆ ತೆರೆದಿಟ್ಟರೆ ನಳದ ನೀರಿನ ಕ್ಲೋರಿನ್ ಹೋಗುತ್ತದೆ, ಶಾಖವೂ ಹೊಂದಿಕೊಳ್ಳುತ್ತದೆ. ಮಾಳಿಗೆಯ ಮೇಲಿನ ಟಾಕಿಯ ನೀರನ್ನು ಮಧ್ಯಾಹ್ನ ನೇರವಾಗಿ ಬಿಡುವುದು ನನ್ನ ಬರ್ಫಕ್ಕಿಂತ ಕಡಿಮೆಯ ಅಪರಾಧವಲ್ಲ.

ಬರ್ಫವನ್ನು ಬಳಸಲೇಬಾರದೆ? ಬಳಸಬಹುದು, ಬಾಯಿ ಬಿಗಿದ ಬಾಟಲಿಯೊಳಗೆ. ಒಂದು ಕಿಲೋ ಬರ್ಫ 60 ಲೀಟರ್ ನೀರನ್ನು ಎರಡು ಡಿಗ್ರಿಗಿಂತ ಕಡಿಮೆ ಇಳಿಸುತ್ತದೆ. ತಾಸಿಗೆ ಒಂದು ಡಿಗ್ರಿಗಿಂತ ಹೆಚ್ಚು ಇಳಿಯದಂತೆ, ಉಷ್ಣಮಾಪಕ ನೋಡುತ್ತ, ಅರ್ಧ ಲೀಟರಿನ ಒಂದೊಂದೇ ಬಾಟಲಿಯನ್ನು ತೇಲಬಿಡಬೇಕು. ಹೊಂಬಣ್ಣದ ಮೀನು ತಂಪುನೀರಿನದು; 24 ಡಿಗ್ರಿಯೊಳಗೆ ಸುಖವಾಗಿರುತ್ತದೆ. ಗಪ್ಪಿ, ಮೋಲಿಗಳಿಗೆ 28 ಡಿಗ್ರಿಯಾದರೂ ತೊಂದರೆಯಿಲ್ಲ. ನಮ್ಮ ಊರಿನ ಬಿಸಿಲಿಗೆ ಹೊಸದಾಗಿ ಮೀನು ಸಾಕುವವರು ಇವುಗಳಿಂದಲೇ ಆರಂಭಿಸುವುದು ಲೇಸು.

ಮುಂಬಯಿ, ಗೋವೆಗಳಲ್ಲಿ ನೆಲಸಿರುವ ನಮ್ಮ ವಿದ್ಯಾರ್ಥಿಗಳಿಗೆ ಒಂದು ಮಾತು. ಅಲ್ಲಿಯ ಗಾಳಿಯಲ್ಲಿ ತೇವ ಹೆಚ್ಚಾದುದರಿಂದ ನೀರು ಬೇಗ ಆವಿಯಾಗದು. ಫ್ಯಾನಿನಿಂದ ಇಲ್ಲಿಯಷ್ಟು ಲಾಭವಿಲ್ಲ. ಅಲ್ಲಿ ಮೀನುಗಳ ಸಂಖ್ಯೆಯನ್ನೇ ಕಡಿಮೆ ಇಟ್ಟುಕೊಳ್ಳಿರಿ. ಪಂಪನ್ನು ರಾತ್ರಿಯೂ ನಿಲ್ಲಿಸದಿರಿ.